ಖಾಲಿ ಕುಳಿಗಳ ಲೆಕ್ಕ: ಅಮೆರಿಕದ ಹಳೆಯ ಬಾರ್ನ್ ಒಂದನ್ನು ಪರೀಕ್ಷಿಸುವುದು ಹೇಗೆ?

ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಮ್ಯಾಸಚೂಸೆಟ್ಸ್ ಕಡೆ ನೆಲೆಸಿರುವ ಕನ್ನಡಿಗರು ಸೆಪ್ಟೆಂಬರ್ ಬಂತೆಂದರೆ ಮಕ್ಕಳನ್ನು ಕಟ್ಟಿಕೊಂಡು ಸೇಬು ಕೀಳಲು ಹೋಗುತ್ತಾರಲ್ಲ, ಅಂಥ ಎಷ್ಟೋ ತೋಟಗಳಲ್ಲಿ ಒಂದು ಹಳೆಯ ಮರದ ಬಾರ್ನ್ ಇರುತ್ತದೆ. ಒಳಗೆ ಕುಂಬಳಕಾಯಿ ರಾಶಿ, ಸೈಡರ್ ಮಾರುವ ಮೇಜು. ಬಾಗಿಲ ಮುಂದೆ ನಿಂತು ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ತಲೆಯೆತ್ತಿ ತೊಲೆಗಳನ್ನು ನೋಡುವವರು ಕಡಿಮೆ. ಮಾಲೀಕರನ್ನು ಕೇಳಿದರೆ “ಇನ್ನೂರೈವತ್ತು ವರ್ಷದ್ದು, ಹಳೆಯ ಹಡಗಿನ ಮರದಿಂದ ಕಟ್ಟಿದ್ದು” ಎಂಬಂಥ ಉತ್ತರ ಬರುವುದುಂಟು. ಅವರು ಸುಳ್ಳು ಹೇಳುತ್ತಿಲ್ಲ, ತಮ್ಮ ಅಜ್ಜ ಹೇಳಿದ್ದನ್ನು ಹೇಳುತ್ತಿದ್ದಾರೆ. ಆದರೆ ಒಂದು ಟಾರ್ಚು, ಒಂದು ಟೇಪು ಹಿಡಿದು ಅರ್ಧ ದಿನ ಕಳೆದರೆ ಅದನ್ನು ಹೆಚ್ಚುಕಡಿಮೆ ಯಾವ ಕಾಲದಲ್ಲಿ ಕಟ್ಟಿದರು, ಯಾತಕ್ಕೆ ಕಟ್ಟಿದರು, ಆಮೇಲೆ ಯಾರು ಏನು ಬದಲಾಯಿಸಿದರು ಎಂಬುದನ್ನು ಕಟ್ಟಡವೇ ಬಹುಮಟ್ಟಿಗೆ ತಿಳಿಸುತ್ತದೆ. ಇದಕ್ಕೆ ಬಡಗಿ ಕೆಲಸ ಬರಬೇಕೆಂದಿಲ್ಲ.

ಒಂದು ವಿಷಯ ಮಾತ್ರ ಮೊದಲೇ ತಲೆಯಲ್ಲಿರಲಿ. ಬಾರ್ನ್ ಬರೀ ದನದ ಕೊಟ್ಟಿಗೆಯಲ್ಲ. ನಮ್ಮ ಬಯಲುಸೀಮೆಯಲ್ಲಿ ಸುಗ್ಗಿಯ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ. ಹಾಗಾಗಿ ಕಣ ಬಯಲಿನಲ್ಲಿ, ಬಣವೆ ಹಿತ್ತಲಲ್ಲಿ, ಕಾಳು ಕಣಜದಲ್ಲೋ ಹಗೇವಿನಲ್ಲೋ, ದನ ಕೊಟ್ಟಿಗೆಯಲ್ಲಿ. ಅಮೆರಿಕದ ಈಶಾನ್ಯ ಭಾಗದಲ್ಲಿ ಕೊಯ್ಲಿನ ಹೊತ್ತಿಗೂ ಮಳೆ ತಪ್ಪಿದ್ದಲ್ಲ, ಅದರ ಬೆನ್ನಿಗೇ ಹಿಮ. ಕಣ, ಬಣವೆ, ಕಣಜ, ಕೊಟ್ಟಿಗೆ ನಾಲ್ಕನ್ನೂ ಒಂದೇ ಮಾಡಿನ ಕೆಳಗೆ ತರುವುದು ಅಲ್ಲಿನ ರೈತರಿಗೆ ಅನಿವಾರ್ಯವಾಯಿತು. ಚಳಿಗಾಲದಲ್ಲಿ ಹೊರಗೆ ಹಿಮ ಬೀಳುತ್ತಿದ್ದರೆ ಒಳಗೆ ಕೋಲಿನಿಂದ ಗೋಧಿ ಬಡಿಯುತ್ತಿದ್ದರು. ನಿಮ್ಮ ಮುಂದಿರುವ ಬಾರ್ನಿನಲ್ಲಿ ಈ ನಾಲ್ಕರಲ್ಲಿ ಯಾವುದು ಎಲ್ಲಿತ್ತು ಎಂದು ಕಂಡುಹಿಡಿಯುವುದೇ ಪರೀಕ್ಷೆಯ ತಿರುಳು.

ಹಂತ 1: ಅನುಮತಿ, ಸಾಮಾನು, ಎಚ್ಚರಿಕೆ

ಮಾಲೀಕರ ಒಪ್ಪಿಗೆಯಿಲ್ಲದೆ ಒಳಗೆ ಕಾಲಿಡಬೇಡಿ. ಜೊತೆಗೊಬ್ಬರು ಇರಲಿ. ಬೇಕಾದ ಸಾಮಾನು: ಪ್ರಖರವಾದ ಟಾರ್ಚು, 25 ಅಡಿಯ ಟೇಪು, ಚೌಕುಳಿ ಕಾಗದ, ಪೆನ್ಸಿಲು, ಫೋನಿನ ಕ್ಯಾಮೆರಾ, ಹೆಲ್ಮೆಟ್ಟು, ಗಟ್ಟಿ ಅಟ್ಟೆಯ ಬೂಟು, ಒಳ್ಳೆಯ ಮಾಸ್ಕು. ಮಾಸ್ಕು ಧೂಳಿಗಷ್ಟೇ ಅಲ್ಲ. ಪಾರಿವಾಳ, ಬಾವಲಿಗಳ ಹಿಕ್ಕೆ ಕೂಡಿಬಿದ್ದಲ್ಲಿ ಬೆಳೆಯುವ ಶಿಲೀಂಧ್ರ ಶ್ವಾಸಕೋಶಕ್ಕೆ ಹೋದರೆ ಹಿಸ್ಟೊಪ್ಲಾಸ್ಮೋಸಿಸ್ ಎಂಬ ಕಾಯಿಲೆ ಬರಬಹುದು. ಹುಲ್ಲು ಹರಡಿದ ಅಟ್ಟದ ಮೇಲೆ ನಡೆಯಲೇಬೇಡಿ. ಕೆಳಗಿನ ದನಗಳಿಗೆ ಹುಲ್ಲು ತಳ್ಳಲು ಬಿಟ್ಟ ಕಿಂಡಿ ಹುಲ್ಲಿನಡಿ ಬಾಯ್ತೆರೆದುಕೊಂಡೇ ಇರಬಹುದು.

ಹಂತ 2: ಹೊರಗೆ ನಿಂತು ದೊಡ್ಡ ಬಾಗಿಲು ಹುಡುಕಿ

ಗಾಡಿ ನುಗ್ಗುವಷ್ಟು ದೊಡ್ಡ ಬಾಗಿಲು ಕಟ್ಟಡದ ಯಾವ ಬದಿಗಿದೆ? ಜಾತಿ ತಿಳಿಯಲು ಇದೊಂದೇ ಪ್ರಶ್ನೆ ಅರ್ಧ ಕೆಲಸ ಮಾಡಿಬಿಡುತ್ತದೆ.

ಉದ್ದ ಬದಿಯಲ್ಲಿ, ಸೂರಿನ ಕೆಳಗೆ ಬಾಗಿಲಿದ್ದರೆ ಅದು ಬಹುಶಃ ಇಂಗ್ಲಿಷ್ ಬಾರ್ನ್. ಇಂಗ್ಲೆಂಡಿನಿಂದ ಬಂದವರು ನ್ಯೂ ಇಂಗ್ಲೆಂಡಿನಲ್ಲಿ ಕಟ್ಟಿಕೊಂಡದ್ದು, ಸಾಮಾನ್ಯವಾಗಿ 30 ಅಡಿ ಅಗಲ, 40 ಅಡಿ ಉದ್ದ, ಮೂರು ಅಂಕಣ. ನಡುವಿನ ಅಂಕಣ ಕಣ, ಒಂದು ಪಕ್ಕ ಹುಲ್ಲು, ಇನ್ನೊಂದು ಪಕ್ಕ ದನ. ಎದುರು ಗೋಡೆಯಲ್ಲೂ ಬಾಗಿಲಿದ್ದರೆ ಎರಡನ್ನೂ ತೆರೆದು, ಬೀಸುವ ಗಾಳಿಯಲ್ಲಿ ಕಾಳು ತೂರುತ್ತಿದ್ದರು.

ಬಾಗಿಲು ತ್ರಿಕೋನ ಗೋಡೆಯ ಕಡೆಗಿದ್ದು, ಪಕ್ಕದ ಗೋಡೆಗಳು ಕುಳ್ಳಾಗಿ, ಮಾಡು ಬಹಳ ಕೆಳಗಿನವರೆಗೆ ಇಳಿದಿದ್ದರೆ ಡಚ್ ಬಾರ್ನ್ ಇರಬಹುದು. ಹಡ್ಸನ್, ಮೊಹಾಕ್, ಸ್ಕೊಹೇರಿ ನದಿಗಳ ಕಣಿವೆಗಳಲ್ಲಿ, ನ್ಯೂಜೆರ್ಸಿಯಲ್ಲಿ ಹುಡುಕಿ. ಒಳಗೆ ನಡುವೆ ಉದ್ದಕ್ಕೂ ಕಣ, ಎರಡೂ ಪಕ್ಕದ ಓಣಿಗಳಲ್ಲಿ ಕಣದ ಕಡೆ ಮುಖ ಮಾಡಿ ನಿಂತ ದನ. ನಡುವಿನ ದಪ್ಪ ಅಡ್ಡತೊಲೆಗಳ ತುದಿ ಕಂಬವನ್ನು ತೂರಿಕೊಂಡು ಆಚೆಗೆ ಒಂದಡಿಯಷ್ಟು ಚಾಚಿರುತ್ತದೆ, ಎಷ್ಟೋ ಕಡೆ ಅದನ್ನು ಗುಂಡಗೆ ಕೆತ್ತಿರುತ್ತಾರೆ. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಜಾನ್ ಫಿಚೆನ್ 1968ರಲ್ಲಿ ಈ ಬಾರ್ನುಗಳ ಮೇಲೆಯೇ ಒಂದು ಪುಸ್ತಕ ಬರೆದ ಮೇಲೆ ಇವುಗಳತ್ತ ವಿದ್ವಾಂಸರ ಗಮನ ಹೆಚ್ಚು ಹರಿಯಿತು.

ಗುಡ್ಡದ ಇಳಿಜಾರಿಗೆ ಬೆನ್ನು ಕೊಟ್ಟು ನಿಂತಿದ್ದು, ಒಂದು ಕಡೆ ಗಾಡಿ ನೇರ ಮೇಲಂತಸ್ತಿಗೆ ಹೋಗುವಂತಿದ್ದು, ಇನ್ನೊಂದು ಕಡೆ ಮೇಲಂತಸ್ತು ಕೆಳಗಿನ ಕಲ್ಲಿನ ಗೋಡೆಗಿಂತ ಮುಂದಕ್ಕೆ ಚಾಚಿಕೊಂಡಿದ್ದರೆ ಪೆನ್ಸಿಲ್ವೇನಿಯಾ ಬಾರ್ನ್. ಕೆಳಗೆ ದನಕುದುರೆ, ಮೇಲೆ ಕಣ ಮತ್ತು ಹುಲ್ಲು, ಚಾಚಿದ ಭಾಗದಲ್ಲಿ ಹೆಚ್ಚಾಗಿ ಕಣಜ. ಜರ್ಮನ್ ಮಾತನಾಡುವ ವಲಸಿಗರ ಕೊಡುಗೆ ಇದು. ಮೂಲವನ್ನು ಸ್ವಿಟ್ಜರ್ಲೆಂಡಿನ ಪ್ರೆಟಿಗಾವ್ ಕಣಿವೆಯವರೆಗೆ ಹಿಂಬಾಲಿಸಿದವರು ರಾಬರ್ಟ್ ಎನ್ಸ್‌ಮಿಂಗರ್.

ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ ಉದ್ದುದ್ದ ಹಲಗೆಗಳು ಕೀಲಿನ ಮೇಲೆ ತೆರೆದುಕೊಳ್ಳುವ ಬಾರ್ನ್ ಕಂಡರೆ ಅದು ತಂಬಾಕು ಒಣಗಿಸಲು ಕಟ್ಟಿದ್ದು. ಅದರ ಲೆಕ್ಕವೇ ಬೇರೆ.

ಹಂತ 3: ಅಂಕಣ ಎಣಿಸಿ, ನಕ್ಷೆ ಬರೆಯಿರಿ

ಒಳಗೆ ಹೋದ ಮೇಲೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಫೋಟೊ ಹೊಡೆಯುವ ಆಸೆಯನ್ನು ಸ್ವಲ್ಪ ಹೊತ್ತು ತಡೆದುಕೊಳ್ಳಿ. ಮೊದಲು ಕಂಬಗಳ ಸಾಲುಗಳನ್ನು ಎಣಿಸಿ, ನೆಲದ ನಕ್ಷೆ ಬರೆದು, ಪ್ರತಿ ಕಂಬಕ್ಕೂ ಒಂದು ಹೆಸರು ಕೊಡಿ: ಅಡ್ಡಸಾಲುಗಳಿಗೆ 1, 2, 3, 4, ಉದ್ದಸಾಲುಗಳಿಗೆ ಅ, ಆ, ಇ. ಇನ್ನು ಮುಂದೆ ತೆಗೆಯುವ ಪ್ರತಿ ಫೋಟೊ, ಬರೆಯುವ ಪ್ರತಿ ಟಿಪ್ಪಣಿ “2-ಆ ಕಂಬ, ಕಣದ ಕಡೆಯ ಮುಖ, ನೆಲದಿಂದ 5 ಅಡಿ” ಎಂದು ಆರಂಭವಾಗಲಿ. ಹೆಸರಿಲ್ಲದ ಇನ್ನೂರು ಫೋಟೊ ಮನೆಗೆ ಬಂದ ಮೇಲೆ ಒಂದಕ್ಕೂ ಉಪಯೋಗವಿಲ್ಲ.

ಅಂಕಣಗಳ ಅಗಲವನ್ನು ಬೇರೆಬೇರೆಯಾಗಿ ಅಳೆಯಿರಿ. ಮೂರು ಅಂಕಣ 12 ಅಡಿಯವು, ನಾಲ್ಕನೆಯದು ಮಾತ್ರ 16 ಅಡಿ ಎಂದರೆ ಆ ನಾಲ್ಕನೆಯದರ ಮೇಲೆ ಅನುಮಾನ ಇಟ್ಟುಕೊಳ್ಳಿ.

ಹಂತ 4: ಮರದ ಮೈ ಮೇಲೆ ಅಡ್ಡಬೆಳಕು ಬಿಡಿ

ಟಾರ್ಚನ್ನು ಮರಕ್ಕೆ ನೇರವಾಗಿ ಹಿಡಿದರೆ ಏನೂ ಕಾಣದು. ಮರದ ಮೈಗೆ ತಾಗಿಸಿ, ಬೆಳಕು ಮೇಲ್ಮೈಯ ಉದ್ದಕ್ಕೆ ಹರಿಯುವಂತೆ ಹಿಡಿಯಿರಿ. ಆಯುಧದ ಗುರುತುಗಳು ನೆರಳು ಬಿಟ್ಟು ಎದ್ದು ಕಾಣುತ್ತವೆ.

ಕೊಡಲಿಯಲ್ಲಿ ಚೌಕ ಮಾಡಿದ ತೊಲೆಯಲ್ಲಿ ಮೇಲ್ಮೈ ಸಣ್ಣಗೆ ಏರಿಳಿಯುತ್ತದೆ, ನಡುನಡುವೆ ಅಡ್ಡಕ್ಕೆ ಆಳವಾದ ಕಚ್ಚುಗಳಿರುತ್ತವೆ. ಮೊದಲು ಕಚ್ಚು ಹಾಕಿ, ಆಮೇಲೆ ಅಗಲ ಬಾಯಿಯ ಕೊಡಲಿಯಿಂದ ಸೀಳಿ ತೆಗೆದದ್ದರ ಗುರುತು ಅದು. ನೀರಿನ ಗಿರಣಿಯಲ್ಲಿ ಮೇಲೆ ಕೆಳಗೆ ಆಡುವ ಗರಗಸದಿಂದ ಕೊಯ್ದ ಮರದ ಮೇಲೆ ನೇರವಾದ, ಒಂದಕ್ಕೊಂದು ಸಮಾನಾಂತರವಾದ ಗೆರೆಗಳು. ಚಕ್ರಗರಗಸದಲ್ಲಿ ಕೊಯ್ದದ್ದಾದರೆ ಕಮಾನಿನಂತೆ ಬಾಗಿದ ಗೆರೆಗಳು. ಈ ಚಕ್ರಗರಗಸ ಹಳ್ಳಿಗಾಡಿನ ಗಿರಣಿಗಳಲ್ಲಿ ಸಾಮಾನ್ಯವಾದದ್ದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ. ಮೂಲ ಚೌಕಟ್ಟಿನ ಓರೆಗಂಬಗಳಲ್ಲೇ (ಕಂಬಕ್ಕೂ ಮೇಲಿನ ತೊಲೆಗೂ ನಡುವೆ ಓರೆಯಾಗಿ ಕೊಟ್ಟ ಆಸರೆಮರಗಳಲ್ಲೇ) ಬಾಗಿದ ಗೆರೆ ಕಂಡರೆ ಆ ಕಟ್ಟಡ 1776ರ ಸ್ವಾತಂತ್ರ್ಯ ಘೋಷಣೆಯ ಕಾಲದ್ದಲ್ಲ, ಗೇಟಿನ ಬಳಿಯ ಫಲಕ ಏನೇ ಹೇಳಲಿ.

ಇದರ ತಿರುವುಮುರುವು ನಿಜವಲ್ಲ. ಕೊಡಲಿಯ ಗುರುತಿದ್ದ ಮಾತ್ರಕ್ಕೆ ಬಹಳ ಹಳೆಯದೆಂದು ಹಿಗ್ಗಬೇಡಿ. ಗಿರಣಿಯ ಅಳತೆಗೆ ಮೀರಿದ ಉದ್ದನೆಯ ತೊಲೆಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಕೊಡಲಿಯಲ್ಲೇ ಚೌಕ ಮಾಡುತ್ತಿದ್ದರು.

ಮರದ ಜಾತಿಯನ್ನೂ ಬರೆದುಕೊಳ್ಳಿ. ಓಕ್, ಹೆಮ್ಲಾಕ್, ಪೈನ್ ಹೆಚ್ಚು. ಓಕಿನ ಹಾಗೇ ಕಂಡರೂ ಅಡ್ಡಸೀಳಿನಲ್ಲಿ ಹೊಳೆಯುವ ಪಟ್ಟೆಗಳಿಲ್ಲದಿದ್ದರೆ ಅದು ಅಮೆರಿಕನ್ ಚೆಸ್ಟ್‌ನಟ್ ಇರಬಹುದು. 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಗುರುತಿಸಿದ ಶಿಲೀಂಧ್ರ ರೋಗ ಕೆಲವೇ ದಶಕಗಳಲ್ಲಿ ಈ ಮರವನ್ನು ಕಾಡುಗಳಿಂದ ಹೆಚ್ಚುಕಡಿಮೆ ಅಳಿಸಿಹಾಕಿತು. ಆ ಗಾತ್ರದ ಚೆಸ್ಟ್‌ನಟ್ ಮರ ಈಗ ಕಾಡಿನಲ್ಲಿ ಸಿಗುವುದು ತೀರ ಅಪರೂಪ. ಇನ್ನು ತೊಲೆಗಳಲ್ಲಿ ಉದ್ದಕ್ಕೆ ಬಿಟ್ಟ ಬಿರುಕು ಕಂಡು ಗಾಬರಿಯಾಗಬೇಡಿ. ಹಸಿಮರದಲ್ಲಿ ಕಟ್ಟಿದ್ದು, ಒಣಗುವಾಗ ಬಿರಿದಿದೆ, ಅಷ್ಟೆ. ಚಿಂತಿಸಬೇಕಾದದ್ದು ನೆಲಕ್ಕೆ ತಾಗಿದ ಅಡಿತೊಲೆ ಕೊಳೆತಿದ್ದರೆ.

ಹಂತ 5: ಕೂಡುಗಳನ್ನು ಹತ್ತಿರದಿಂದ ನೋಡಿ

ಒಂದು ಕಂಬಕ್ಕೆ ಓರೆಗಂಬ ಸೇರುವ ಜಾಗವನ್ನು ಆರಿಸಿಕೊಂಡು ಹತ್ತು ನಿಮಿಷ ಅಲ್ಲೇ ನಿಲ್ಲಿ. ಓರೆಗಂಬದ ತುದಿಯನ್ನು ನಾಲಿಗೆಯಾಗಿ ಕೆತ್ತಿ ಕಂಬದ ಕುಳಿಯೊಳಗೆ ಕೂರಿಸಿದ್ದಾರೆ. ಎರಡನ್ನೂ ತೂರಿಕೊಂಡು ಮರದ ಗೂಟ ಹೋಗಿದೆ, ಕಬ್ಬಿಣದ ಸುಳಿವಿಲ್ಲ. ಗೂಟ ಬರೀ ಹಿಡಿದುಕೊಂಡಿಲ್ಲ, ಎಳೆದುಕೊಂಡಿದೆ. ಬಡಗಿ ನಾಲಿಗೆಯ ತೂತನ್ನು ಕಂಬದ ತೂತಿಗೆ ಸರಿಯಾಗಿ ಕೊರೆಯದೆ ಬೇಕೆಂದೇ ಒಂದೆಳೆ ನಾಲಿಗೆಯ ಬುಡದ ಕಡೆಗೆ ಸರಿಸಿ ಕೊರೆಯುತ್ತಿದ್ದ. ಒಣಗಿದ ಓಕಿನ ಗೂಟ ಬಡಿದಾಗ ಅದು ಡೊಂಕುತೂತಿನಲ್ಲಿ ನುಗ್ಗಿ ನಾಲಿಗೆಯನ್ನು ಕಂಬದೊಳಕ್ಕೆ ಜಗ್ಗಿ ಬಿಗಿಯುತ್ತಿತ್ತು. ಹಸಿಮರ ಮುಂದೆ ಒಣಗಿ ಕುಗ್ಗಿದರೂ ಕೂಡು ಸಡಿಲವಾಗದಿರಲು ಇದೇ ಕಾರಣ.

ಈಗ ಕೂಡಿನ ಪಕ್ಕದಲ್ಲಿ ಎರಡೂ ಮರಗಳ ಮೇಲೆ ಅಡ್ಡಬೆಳಕು ಬಿಡಿ. ಉಳಿಯಿಂದ ಹೊಡೆದ ನೆಟ್ಟಗೆರೆಗಳು ಕಾಣುತ್ತವೆಯೇ? ಅವು ಬಡಗಿಯ ಅಂಕಿಗಳು, ರೋಮನ್ ಅಂಕಿಯ ಜಾತಿಯವು. ಉಳಿಯ ಬಾಯಿ ನೇರ, ಹಾಗಾಗಿ ನೇರ ಗೆರೆಯಲ್ಲಿ ಬರೆಯಬಹುದಾದ ಅಂಕಿಯೇ ಸುಲಭ. ಗಡಿಯಾರದ ಮುಖದಲ್ಲಿರುವಂತೆ ನಾಲ್ಕಕ್ಕೆ ನಾಲ್ಕು ಗೆರೆ. ಒಂಬತ್ತಕ್ಕೂ ಐದರ ಗುರುತಿನ ಮುಂದೆ ನಾಲ್ಕು ಗೆರೆ. ಮರವನ್ನು ತಲೆಕೆಳಗು ಮಾಡಿದಾಗ ಒಂದು ಅಂಕಿ ಇನ್ನೊಂದಾಗಿ ಕಾಣಬಾರದಲ್ಲ! ಓರೆಗಂಬದ ಮೇಲೆ ಏಳು, ಕಂಬದ ಮೇಲೂ ಏಳು ಇದ್ದರೆ ಈ ಜೋಡಿ ಬಹುಶಃ ಕಟ್ಟಿದಂದಿನದೇ.

ಈ ಅಂಕಿಗಳು ಏಕೆ ಬೇಕಾಗಿದ್ದವು ಎಂಬುದರಲ್ಲಿ ಕಾಲದ ಸುಳಿವಿದೆ. ಹಳೆಯ ಪದ್ಧತಿಯಲ್ಲಿ ಮರಗಳನ್ನು ನೆಲದ ಮೇಲೆ ಒಂದರ ಮೇಲೊಂದು ಹಾಸಿ, ಒಂದರ ಉಬ್ಬುತಗ್ಗಿಗೆ ಸರಿಯಾಗಿ ಇನ್ನೊಂದನ್ನು ಗೀಚಿ ಕೆತ್ತುತ್ತಿದ್ದರು. ಆ ಓರೆಗಂಬ ಆ ಕಂಬಕ್ಕೆ ಬಿಟ್ಟು ಬೇರೆಲ್ಲೂ ಕೂರದು. ಅಮೆರಿಕದಲ್ಲಿ 1810ರ ದಶಕದ ಸುಮಾರಿಗೆ ಹೊಸ ಪದ್ಧತಿ ಹಬ್ಬಿತು. ಒರಟು ಮರದೊಳಗೆ ಒಂದು ಆದರ್ಶ ಚೌಕ ಮರ ಇದೆಯೆಂದು ಭಾವಿಸಿ, ಕೂಡು ಬರುವ ಜಾಗವನ್ನಷ್ಟೇ ಆ ಅಳತೆಗೆ ಇಳಿಸಿ ಕೆತ್ತುವುದು. ಆಗ ಎಲ್ಲ ಓರೆಗಂಬಗಳೂ ಒಂದೇ ಅಳತೆ, ಯಾವುದನ್ನು ಎಲ್ಲಿಗೆ ಬೇಕಾದರೂ ಹಾಕಬಹುದು. ಗುರುತಿಸುವುದು ಸುಲಭ: ಓರೆಗಂಬ ಸೇರುವಲ್ಲಿ ಕಂಬದ ಮೈಯನ್ನು ಅರ್ಧ ಇಂಚಿನಷ್ಟು ತಗ್ಗಿಸಿದ ಕಚ್ಚು ಇದ್ದರೆ ಹೊಸ ಪದ್ಧತಿ. ಕಚ್ಚಿಲ್ಲದೆ ಕಂಬದ ಮೈಗೇ ಕೂತಿದ್ದು, ಎಲ್ಲೆಲ್ಲೂ ಅಂಕಿಗಳಿದ್ದರೆ ಹಳೆಯದು. ಕಾಲ ಹೇಳುವ ಸುಳಿವುಗಳಲ್ಲಿ ನನಗೆ ಹೆಚ್ಚು ನಂಬಿಕೆ ಇದರ ಮೇಲೆ. ಹಲಗೆ, ಮೊಳೆ, ಮಾಡು ಯಾವಾಗ ಬೇಕಾದರೂ ಬದಲಾದೀತು, ಕೂಡು ಕೆತ್ತಿದ ರೀತಿ ಬದಲಾಗದು.

ಹಂತ 6: ಖಾಲಿ ಕುಳಿಗಳ ಪಟ್ಟಿ ಮಾಡಿ

ಹೊಸಬರು ಇರುವುದನ್ನು ನೋಡುತ್ತಾರೆ, ಇಲ್ಲದ್ದನ್ನು ನೋಡುವುದಿಲ್ಲ. ಏನೂ ಕೂರದೆ ಖಾಲಿ ಬಿದ್ದಿರುವ ಪ್ರತಿ ಕುಳಿಯನ್ನೂ ನಕ್ಷೆಯಲ್ಲಿ ಕೆಂಪು ಪೆನ್ಸಿಲಿನಿಂದ ಗುರುತಿಸಿ. ಹಡಗಿನ ಮರದ ಕಥೆ ಹುಟ್ಟುವುದೂ ಬಹುಪಾಲು ಈ ಖಾಲಿ ಕುಳಿಗಳಿಂದಲೇ. ಸಮುದ್ರದಿಂದ ನೂರು ಮೈಲಿ ಒಳಗಿರುವ ಹಳ್ಳಿಗೆ, ಸುತ್ತ ಕಾಡೇ ಇರುವಾಗ, ಹಡಗಿನ ಮರವನ್ನು ಯಾರು ಎಳೆದು ತಂದಾರು?

ಖಾಲಿ ಕುಳಿಗೆ ವಿವರಣೆಗಳು ನಾಲ್ಕಾರು ಮಾತ್ರ. ಕಂಬದಲ್ಲೊಂದು, ಮೇಲಿನ ತೊಲೆಯಲ್ಲೊಂದು ಕುಳಿ, ಮೂಲೆಯಿಂದ ಎರಡಕ್ಕೂ ಒಂದೇ ದೂರವಿದ್ದರೆ ಅಲ್ಲೊಂದು ಓರೆಗಂಬವಿತ್ತು. ಟ್ರ್ಯಾಕ್ಟರೋ ಎತ್ತರದ ಗಾಡಿಯೋ ನುಗ್ಗಲೆಂದು ಯಾರೋ ಕೊಯ್ದು ತೆಗೆದಿದ್ದಾರೆ. ತೊಲೆಯ ಪಕ್ಕದಲ್ಲಿ ಸಮ ಅಂತರದ ಸಣ್ಣ ಕುಳಿಗಳ ಸಾಲಿದ್ದರೆ ಅಟ್ಟದ ಜಂತಿಗಳು ಕೂರುತ್ತಿದ್ದವು. ಕಂಬದ ಉದ್ದಕ್ಕೆ ಕಾಲುವೆಯಂತೆ ಕೊರೆದಿದ್ದರೆ ಅದರಲ್ಲಿ ಹಲಗೆಗಳನ್ನು ಜಾರಿಸಿ ಅಡ್ಡಗೋಡೆ ಮಾಡಿದ್ದರು. ಗೂಟದ ತೂತೇ ಇಲ್ಲದ ಕುಳಿಯಾದರೆ ಅಲ್ಲಿ ಭಾರ ಹೊರುವ ಮರ ಇರಲಿಲ್ಲ, ತೆಗೆದು ಹಾಕುವ ಕಡ್ಡಿಯೋ ಸಣ್ಣ ನಿಲುಗಂಬವೋ ಇತ್ತು.

ಮೂಲೆ ಕಂಬದ ಹೊರಮುಖದಲ್ಲಿ ಕುಳಿ ಇದ್ದರೆ ಬಾರ್ನ್ ಒಂದು ಕಾಲದಲ್ಲಿ ಇನ್ನೂ ಉದ್ದವಿತ್ತು. ಇದಕ್ಕೆ ವಿರುದ್ಧವಾಗಿ ನಡುವಿನ ಸಾಲಿನ ಕಂಬಗಳ ಒಂದು ಮುಖ ಬೂದಿಬಣ್ಣಕ್ಕೆ ತಿರುಗಿ, ಹಲಗೆ ಬಡಿದ ಮೊಳೆತೂತುಗಳ ಸಾಲು ಕಂಡರೆ ಅದು ಹಿಂದೆ ಹೊರಗೋಡೆಯಾಗಿ ಬಿಸಿಲುಮಳೆ ಕಂಡಿದೆ. ಅದರಾಚೆಯ ಅಂಕಣ ಆಮೇಲೆ ಸೇರಿದ್ದು. ಹಂತ 3ರಲ್ಲಿ ಅನುಮಾನ ಇಟ್ಟುಕೊಂಡ 16 ಅಡಿಯ ಅಂಕಣವನ್ನು ಇಲ್ಲಿ ವಿಚಾರಿಸಿಕೊಳ್ಳಿ. ಈ ಯಾವುದಕ್ಕೂ ಹೊಂದದೆ, ಎತ್ತೆತ್ತಲೋ ಮುಖ ಮಾಡಿದ, ಅಂಕಿಯೂ ತಾಳೆಯಾಗದ ಕುಳಿಗಳಿದ್ದರೆ ಅದು ಬೇರೆ ಕಟ್ಟಡದಿಂದ ಬಿಚ್ಚಿ ತಂದ ಮರ. ಹೆಚ್ಚಾಗಿ ಅದೇ ಜಮೀನಿನ ಹಿಂದಿನ ಬಾರ್ನಿನದು.

ಹಂತ 7: ಮೊಳೆ

ಬೇಗ ಮುಗಿಸಬಹುದಾದ ಹಂತ. ನಾಲ್ಕು ಬದಿಯಿಂದಲೂ ಸಪೂರವಾಗುವ, ತಲೆ ಸುತ್ತಿಗೆಯೇಟು ತಿಂದು ಗುಡ್ಡೆಯಾದ ಮೊಳೆ ಕಮ್ಮಾರ ಬಡಿದದ್ದು, 1800ರ ಆಚೀಚಿನವರೆಗೆ. ಎರಡು ಬದಿ ಮಾತ್ರ ಸಪೂರವಾಗುವ ಚಪ್ಪಟೆ ಮೊಳೆ ಯಂತ್ರ ಕತ್ತರಿಸಿದ್ದು, 1790ರ ದಶಕದಿಂದ 1890ರ ದಶಕದವರೆಗೆ ಇದರದೇ ರಾಜ್ಯ. ಗುಂಡನೆಯ ತಂತಿ ಮೊಳೆ ಆಮೇಲಿನದು. ಹೊರಹಲಗೆಯ ಮೊಳೆ ನಂಬಬೇಡಿ, ಹಲಗೆ ಎಷ್ಟು ಸಲ ಬದಲಾಗಿದೆಯೋ. ಮಾಡಿನ ಒಳಗೆ, ಯಾರ ಕೈಯೂ ಎಟುಕದಲ್ಲಿ ನೋಡಿ.

ಹಂತ 8: ಯಾರು ಎಲ್ಲಿದ್ದರು? ಸವೆತ ನೋಡಿ

ಇಲ್ಲಿಯವರೆಗೆ ನೋಡಿದ್ದು ಕಟ್ಟಿದ ಬಗೆ, ಇನ್ನು ಬಳಸಿದ ಬಗೆ. ಮೊದಲು ಕಣ. ಅದರ ನೆಲ ಉಳಿದ ನೆಲಕ್ಕಿಂತ ದಪ್ಪ ಹಲಗೆಯದು, ಸಂದಿಯಲ್ಲಿ ಕಾಳು ಸೋರದಂತೆ ಹಲಗೆಗಳನ್ನು ಒಂದಕ್ಕೊಂದು ಕಚ್ಚಿಸಿರುತ್ತಾರೆ. ಕಣದ ಪಕ್ಕದ ಒಂದು ಅಡ್ಡತೊಲೆ ಮಾತ್ರ ವಿಪರೀತ ದಪ್ಪವಾಗಿದ್ದು, ನಡುವೆ ಕಂಬವೇ ಇಲ್ಲದಿದ್ದರೆ ಬಿಡಬೇಡಿ. ಕುದುರೆ, ಎತ್ತುಗಳನ್ನು ತೆನೆಯ ಮೇಲೆ ಸುತ್ತಿಸಿ ತುಳಿಸಲು ಜಾಗ ಬಿಟ್ಟದ್ದೆಂದು ಇದನ್ನು ವಿವರಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಹಂತಿ ಕಟ್ಟಿದ್ದನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ನಡುವೆ ಮೇಟಿ ಇಲ್ಲ.

ದನ ಕಟ್ಟಿದ ಜಾಗದಲ್ಲಿ ತೊಲೆಯ ಮೈಯಲ್ಲಿ ಸುಮಾರು ಮೂರಡಿಗೊಂದರಂತೆ ತೂತುಗಳ ಸಾಲು ಇರುತ್ತದೆ, ಹಸುವಿನ ಕುತ್ತಿಗೆ ಸಿಕ್ಕಿಸುವ ಕಂಬಿಗಳು ಅಲ್ಲಿ ನಿಲ್ಲುತ್ತಿದ್ದವು. ಕಂಬಗಳ ಅಂಚು ದನದ ಮೈಯೆತ್ತರದಲ್ಲಿ ಉಜ್ಜಿ ಉಜ್ಜಿ ನುಣ್ಣಗಾಗಿ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಹೊಳಪಿನ ಬದಲು ಗೋದಲಿಯ ಅಂಚು ಕಚ್ಚಿ ಕಚ್ಚಿ ಹಳ್ಳಬಿದ್ದಿದ್ದರೆ ಅಲ್ಲಿದ್ದದ್ದು ಕುದುರೆ. ಬೇಸರ ಬಂದ ಕುದುರೆ ಮರ ಕಡಿಯುತ್ತದೆ.

ಕಣಜದ ಕೋಣೆ ಚಿಕ್ಕದು, ಬಿಗಿ ಹಲಗೆಯದು. ಇಲಿಬಿಲಗಳಿಗೆ ತಗಡಿನ ತೇಪೆ ಬಡಿದಿದ್ದರೆ ಇದೇ ಜಾಗ ಎಂದು ಧೈರ್ಯವಾಗಿ ಬರೆದುಕೊಳ್ಳಿ. ಅದರ ಬಾಗಿಲ ಹಿಂದಿನ ಹಲಗೆಯನ್ನು ತಾಳ್ಮೆಯಿಂದ ನೋಡಿ. ನಾಲ್ಕು ಗೆರೆ ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆದ ಲೆಕ್ಕದ ಗುಂಪುಗಳು, ಪೆನ್ಸಿಲಿನಲ್ಲಿ ಬರೆದ ವರ್ಷ, ಯಾರದೋ ಹೆಸರಿನ ಮೊದಲಕ್ಷರ ಸಿಗಬಹುದು. ಎಷ್ಟು ಮೂಟೆ ಬಂತು ಎಂಬ ರೈತನ ಪುಸ್ತಕ ಅದೇ.

ಮಾಡಿನ ತುದಿಯಲ್ಲಿ ಉದ್ದಕ್ಕೆ ಕಬ್ಬಿಣದ ಅಥವಾ ಮರದ ಹಳಿ, ಅದರಲ್ಲಿ ಓಡುವ ಗಾಲಿಯ ಕೊಕ್ಕೆ ಇದ್ದರೆ ಹುಲ್ಲು ಎತ್ತುವ ಸಾಧನ. ಅಯೋವಾದ ವಿಲಿಯಂ ಲೌಡನ್ 1867ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅದಕ್ಕೆ ಮೊದಲು ಹೆಚ್ಚಾಗಿ ಕವೆಗೋಲಿನಿಂದ ಎತ್ತೆತ್ತಿ ಎಸೆಯುವುದೇ.

ಹಂತ 9: ಬದಲಾವಣೆಗಳನ್ನು ಕಾಲಕ್ರಮಕ್ಕೆ ಹಾಕಿ

ಚೌಕಟ್ಟು ಒಂದು ಹೇಳುತ್ತದೆ, ಸವೆತ ಇನ್ನೊಂದು ಹೇಳುತ್ತದೆ ಎಂದಾದರೆ ಎರಡೂ ನಿಜವಿರಬಹುದು. 1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ ಪಶ್ಚಿಮದ ಅಗ್ಗದ ಗೋಧಿ ದೋಣಿಯಲ್ಲಿ ಬಂದಿಳಿಯಿತು. ಪೂರ್ವದ ಕಲ್ಲುನೆಲದ ರೈತರು ಅದರೊಂದಿಗೆ ಸ್ಪರ್ಧಿಸಲಾರದೆ ಹಾಲು, ಬೆಣ್ಣೆ, ಗಿಣ್ಣಿನ ಕಡೆ ಹೊರಳಿದರು. ಗೋಧಿಗೆಂದು ಕಟ್ಟಿದ ಬಾರ್ನ್ ಹೈನುಗಾರಿಕೆಗೆ ಮೈ ಬದಲಿಸಿತು: ಇಡೀ ಚೌಕಟ್ಟನ್ನು ಜಾಕಿ ಕೊಟ್ಟೆತ್ತಿ ಕೆಳಗೆ ಕಲ್ಲಿನ ನೆಲಮಾಳಿಗೆ ಕಟ್ಟಿದರು, ಕಣದ ಮೇಲೂ ಹುಲ್ಲಿಗೆ ಅಟ್ಟ ಹಾಕಿದರು. ಸುಣ್ಣ ಬಳಿದ ಗೋಡೆ, ಗಂಜಲದ ಕಾಲುವೆ ಬಿಟ್ಟ ಕಾಂಕ್ರೀಟು ನೆಲ ಇನ್ನೂ ಈಚಿನವು, ಹೆಚ್ಚಾಗಿ ಇಪ್ಪತ್ತನೆಯ ಶತಮಾನದವು. ಹೀಗೆ ಪದರಪದರವಾಗಿ ಬರೆಯಿರಿ. ಮೂಲ ಚೌಕಟ್ಟಿನಲ್ಲಿರುವ ಅತ್ಯಂತ ಹೊಸ ಸುಳಿವು ಯಾವುದೋ ಕಟ್ಟಡ ಅದಕ್ಕಿಂತ ಹಳೆಯದಲ್ಲ ಎಂಬ ನಿಯಮವನ್ನು ಎಲ್ಲೂ ಸಡಿಲಿಸಬೇಡಿ.

ನಿಖರವಾದ ವರ್ಷವೇ ಬೇಕೆಂದರೆ ಮರದ ಬಳೆಗಳನ್ನು ಎಣಿಸುವ ಪರಿಣತರನ್ನು ಕರೆಸಬೇಕು. ಅವರು ಬೆರಳಿಗಿಂತ ಸಣ್ಣ ಕಡ್ಡಿಯಷ್ಟು ಮರ ಕೊರೆದು ತೆಗೆಯುತ್ತಾರೆ. ತೊಗಟೆಯ ಅಂಚು ಉಳಿದ ತೊಲೆ ಎಲ್ಲಿದೆಯೆಂದು ನೀವು ಮೊದಲೇ ಗುರುತಿಸಿಟ್ಟರೆ ಮರ ಕಡಿದ ವರ್ಷವೇ ಸಿಗಬಹುದು. ಇಂಗ್ಲೆಂಡಿನಲ್ಲಿ ಹೀಥ್ರೋ ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ, 192 ಅಡಿ ಉದ್ದದ, 12 ಅಂಕಣದ ಹಾರ್ಮಂಡ್ಸ್‌ವರ್ತ್ ಬಾರ್ನ್ 1426–27ರದೆಂಬುದಕ್ಕೆ ಮರದ ಬಳೆಗಳೂ ಸಾಕ್ಷಿ ಹೇಳಿವೆ. ಲಂಡನ್ನಿನ ಕನ್ನಡಿಗರಿಗೆ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಮೆರಿಕದವರು ಮ್ಯಾಸಚೂಸೆಟ್ಸಿನ ಓಲ್ಡ್ ಸ್ಟರ್‌ಬ್ರಿಜ್ ವಿಲೇಜ್, ಕೂಪರ್ಸ್‌ಟೌನಿನ ಫಾರ್ಮರ್ಸ್ ಮ್ಯೂಸಿಯಂ, ಲ್ಯಾಂಕಸ್ಟರಿನ ಲ್ಯಾಂಡಿಸ್ ವ್ಯಾಲಿ ಮ್ಯೂಸಿಯಂಗಳಲ್ಲಿ ಕಣ್ಣು ಪಳಗಿಸಿಕೊಳ್ಳಬಹುದು.

ಹಂತ 10: ಬರೆದದ್ದನ್ನು ಕೊಟ್ಟು ಬನ್ನಿ

ನಕ್ಷೆ, ಹೆಸರಿಟ್ಟ ಫೋಟೊಗಳು, ಎರಡು ಪುಟದ ಟಿಪ್ಪಣಿ ಸಾಕು. ಒಂದು ಪ್ರತಿ ಮಾಲೀಕರಿಗೆ, ಒಂದು ಆ ಊರಿನ ಇತಿಹಾಸ ಸಂಘಕ್ಕೆ. ಅಂಕಿ ಚೆನ್ನಾಗಿ ಕಾಣಲೆಂದು ಮರ ಕೆರೆಯಬೇಡಿ, ನೆನಪಿಗೆಂದು ಗೂಟ ಕೀಳಬೇಡಿ. ಹಳೆಯ ಬಾರ್ನಿನ ಹಲಗೆಗೆ ಈಗ ಹೋಟೆಲುಗಳ ಅಲಂಕಾರಕ್ಕೆಂದು ಒಳ್ಳೆಯ ಬೆಲೆ ಇದೆ, ಮಾರಿಬಿಡುವ ಯೋಚನೆಯಲ್ಲಿರುವ ಮಾಲೀಕರೂ ಸಿಗುತ್ತಾರೆ. ಅವರಿಗೆ ಇದೊಂದು ಮಾತು ಹೇಳಿ: ಗೂಟ ಹೊಡೆದು ಕೂಡಿಸಿದ ಚೌಕಟ್ಟನ್ನು ಗೂಟ ಬಿಚ್ಚಿ, ಪ್ರತಿ ಮರಕ್ಕೂ ಚೀಟಿ ಕಟ್ಟಿ, ಲಾರಿಯಲ್ಲಿ ಸಾಗಿಸಿ ಬೇರೆ ಊರಿನಲ್ಲಿ ಮತ್ತೆ ನಿಲ್ಲಿಸಬಹುದು. ಹಾಗೆ ನಿಲ್ಲಿಸಿಕೊಳ್ಳಲು ದುಡ್ಡು ಕೊಟ್ಟು ಕೊಳ್ಳುವವರೂ ಇದ್ದಾರೆ. ಗರಗಸ ಹಾಕಿದ ಮೇಲೆ ಉಳಿಯುವುದು ಹಲಗೆ ಮಾತ್ರ.